ಚಹಾನೋ, ನೀರೋ, ಸಿಟ್ಟೋ

ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಬನಹಟ್ಟಿಯ ಆ ಲ್ಯಾಪ್‌ಟಾಪ್ ರಿಪೇರಿ ಅಂಗಡಿಯ ಶಟರ್ ಎತ್ತಿದಾಗ ಹಾಜರಿದ್ದವರು ಮೂವರು: ರಿಪೇರಿಯವರ ಹೆಂಡತಿ, ಕಟ್ಟಡದ ಮಾಲೀಕರು, ನಾನು. ರಿಪೇರಿಯವರು ತೀರಿಕೊಂಡು ಅಂದಿಗೆ ಹದಿನಾರು ದಿನ. ಬೆಳಿಗ್ಗೆ ಹಲ್ಲುಜ್ಜುತ್ತ ನಿಂತವರು ಎದೆ ಹಿಡಿದುಕೊಂಡು ಕೂತರಂತೆ. ಆಟೋ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಂಗಡಿಯ ಗೋಡೆಗೆ ಹೊಡೆದ ಮೂರು ಹಲಗೆಗಳ ಮೇಲೆ ಹದಿನಾಲ್ಕು ಲ್ಯಾಪ್‌ಟಾಪ್‌ಗಳು ಉಳಿದಿದ್ದವು. ಕೆಲವು ರಿಪೇರಿಯಾದವು, ಕೆಲವು ಅರ್ಧಕ್ಕೆ ನಿಂತವು. ಪ್ರತಿಯೊಂದಕ್ಕೂ ಬಿಳಿ ನೂಲಿನಿಂದ ಒಂದು ಚೀಟಿ ಕಟ್ಟಿತ್ತು. ಮಾಲೀಕರು ಬಾಗಿಲಲ್ಲೇ ನಿಂತು, ಸಂಜೆ ಐದಕ್ಕೆ ಕೀಲಿ ಬೇಕು, ಮರುದಿನ ಬೇರೆ ಬಾಡಿಗೆಯವರು ಬರುತ್ತಾರೆ, ಅಷ್ಟರೊಳಗೆ ಯಾರೂ ಒಯ್ಯದಿದ್ದರೆ ಎಲ್ಲವನ್ನೂ ಗುಜರಿಗೆ ಹಾಕಿಬಿಡಿ ಎಂದು ಹೇಳಿ ಹೋದರು. ರಿಪೇರಿಯವರ ಹೆಂಡತಿ ಹಲಗೆಗಳನ್ನೇ ನೋಡುತ್ತ, “ಇವನ್ನ ಯಾರ ಮನಿಗೆ ಯಾವ್ದು ಅಂತ ಮುಟ್ಟಿಸಿದ್ರ ಸಾಕ್ರೀ ಅಕ್ಕಾರ. ಮತ್ತ ಚೀಟಿ ಹರದು ಕೊಡಬೇಕು. ಅವ್ರು ಚೀಟಿ ಹರೀಲಾರದ ಒಂದೂ ಕೊಟ್ಟವ್ರಲ್ಲ,” ಅಂದರು. ಒಂದು ಸಣ್ಣ ಕತ್ತರಿಯನ್ನು ನನ್ನ ಕೈಗಿಟ್ಟರು.

ನಾನು ಮೂವತ್ತನಾಲ್ಕು ವರ್ಷ ಸರಕಾರಿ ದವಾಖಾನೆಗಳಲ್ಲಿ ನರ್ಸ್ ಆಗಿದ್ದವಳು. ಪಾಳಿ ಬದಲಾಗುವಾಗ ಹೊತ್ತು, ಹಾಜರಿದ್ದವರು, ಆದದ್ದು, ಆಗಬೇಕಾದದ್ದು ಎಲ್ಲವನ್ನೂ ಬರೆದು ಒಪ್ಪಿಸುವ ರೂಢಿ ನನಗೆ ನಿವೃತ್ತಿಯ ನಂತರವೂ ಹೋಗಿಲ್ಲ. ಹಿಂದಿನ ಎರಡು ದಿನ ಕೂತು ಹದಿಮೂರು ಮನೆಗಳಿಗೆ ಫೋನ್ ಮಾಡಿದ್ದೆ. ಹದಿನಾಲ್ಕನೆಯದಕ್ಕೆ ಫೋನ್ ಮಾಡುವ ಅಗತ್ಯವಿರಲಿಲ್ಲ. ಅದು ನನ್ನ ಮನೆಯದೇ.

ರಿಪೇರಿಯವರು ಹುಟ್ಟಿದ್ದು ನೇಕಾರರ ಮನೆಯಲ್ಲಿ. ಮೂವತ್ತು ದಾಟುವವರೆಗೆ ಮಗ್ಗದ ಮುಂದೆ ಕೂತವರು, ಆಮೇಲೆ ಪವರ್‌ಲೂಮ್ ರಿಪೇರಿಗೆ ಇಳಿದರು, ಅಲ್ಲಿಂದ ಕಂಪ್ಯೂಟರಿಗೆ. ಯಾವ ತರಗತಿಗೂ ಹೋಗಿ ಕಲಿತವರಲ್ಲ. ಕೆಟ್ಟದ್ದನ್ನು ಬಿಚ್ಚುವುದು, ಮತ್ತೆ ಬಿಚ್ಚುವುದು, ಅಷ್ಟೇ ಅವರ ವಿದ್ಯೆ. ದಪ್ಪ ಕನ್ನಡಕ, ಉದ್ದ ತೋಳಿನ ಬಿಳಿ ಅಂಗಿ, ಕಿವಿಯ ಹಿಂದೆ ಒಂದು ಪೆನ್ಸಿಲ್. ಮಗ್ಗದಲ್ಲಿ ಉದ್ದಕ್ಕೆ ಹಾಸಿದ ಎಳೆ ಹರಿದರೆ ನೇಕಾರರು ಒಂದೇ ಕೈಯಲ್ಲಿ, ನೋಡದೆಯೇ ಗಂಟು ಹಾಕುತ್ತಾರಲ್ಲ, ಆ ಗಂಟನ್ನೇ ಅವರು ಚೀಟಿಗೆ ಹಾಕುತ್ತಿದ್ದರು. ಹಿಂದೆಲ್ಲ ಮಾತು ಮುಗಿಯುವಷ್ಟರಲ್ಲಿ ಗಂಟು ಬಿದ್ದಿರುತ್ತಿತ್ತಂತೆ. ಬೆರಳು ಯಾವಾಗ ಓಡಿತೆಂದು ಕಾಣುತ್ತಿರಲಿಲ್ಲವಂತೆ.

ಲ್ಯಾಪ್‌ಟಾಪ್ ತಂದವರಿಗೆ ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ.

“ಚಹಾನೋ, ನೀರೋ, ಸಿಟ್ಟೋ?”

ಮನೆಯೊಳಗೆ ಕೆಡುವ ಯಂತ್ರಗಳಿಗೆಲ್ಲ ಈ ಮೂರೇ ಕಾರಣ ಎಂದು ಅವರ ಎಣಿಕೆ. ಕೇಳಿದವರೆಲ್ಲ ಮೊದಲು ಹೇಳುತ್ತಿದ್ದದ್ದು ಕೂಡ ಒಂದೇ ಉತ್ತರ: ಏನೂ ಆಗಿಲ್ಲ, ತಾನೇ ಬಂದ್ ಆಯಿತು. ಅವರು ಯಂತ್ರವನ್ನು ಮೆಲ್ಲಗೆ ತಂದವರ ಕಡೆಗೇ ಸರಿಸಿ, ಹಾಗಾದರೆ ತಾನೇ ಚಾಲೂ ಆಗುವ ತನಕ ಕಾಯಿರಿ ಎನ್ನುತ್ತಿದ್ದರು. ಖರೆ ಹೇಳುವ ತನಕ ಒಂದು ಸ್ಕ್ರೂ ಬಿಚ್ಚುತ್ತಿರಲಿಲ್ಲ. ಪಕ್ಕದ ಚಹಾದಂಗಡಿಯವನು ಇದನ್ನು ನೋಡಿ ನಗುತ್ತಿದ್ದ. ಇವನ ಚಹಾ ಇರದಿದ್ದರೆ ನನ್ನ ಅರ್ಧ ಗಿರಾಕಿಯೇ ಇಲ್ಲ ಎಂದು ಅವರೂ ಅವನನ್ನು ಛೇಡಿಸುತ್ತಿದ್ದರು.

ಒಮ್ಮೆ ಮುಧೋಳದಿಂದ ಒಬ್ಬ ವಕೀಲರು ಬಂದಿದ್ದರು. ಕರೆಂಟ್ ಏರಿಳಿತದಿಂದ ಚಾರ್ಜರ್ ಸಹಿತ ಎಲ್ಲ ಹೋಗಿದೆ ಎಂದು ಕಾನೂನಿನ ಭಾಷೆಯಲ್ಲಿ ವಿವರಿಸಿದರು. ರಿಪೇರಿಯವರು ಚಾರ್ಜರಿನ ತಂತಿಯನ್ನು ಬೆಳಕಿಗೆ ಹಿಡಿದು ಒಂದು ಗಳಿಗೆ ನೋಡಿದರು.

“ಕರೆಂಟಿಗೆ ಹಲ್ಲು ಬಂದಾವೇನ್ರೀ ಸಾಹೇಬ್ರ?”

ವಕೀಲರು ಸುತ್ತ ನೋಡಿ, ದನಿ ಇಳಿಸಿ, ಹೆಂಡತಿ ಬೇಡವೆಂದರೂ ಬೇಟೆನಾಯಿಯ ಮರಿ ತಂದಿದ್ದನ್ನೂ, ಅದು ತಂತಿ ಎಳೆದು ಲ್ಯಾಪ್‌ಟಾಪನ್ನು ಮೇಜಿನಿಂದ ಕೆಡವಿದ್ದನ್ನೂ, ಹೆಂಡತಿಗೆ ಗೊತ್ತಾದರೆ ಮರಿ ಮನೆಯಲ್ಲಿ ಉಳಿಯುವುದಿಲ್ಲವೆಂಬುದನ್ನೂ ಹೇಳಿದರು. ಅವರು ಚೀಟಿಯಲ್ಲಿ ‘ನಾಯಿ’ ಎಂದು ಬರೆದು ಗಂಟು ಹಾಕಿದರು. ಮೂರರ ಪಟ್ಟಿಗೆ ನಾಲ್ಕನೆಯದು ಸೇರಿತು ಎಂದು ಆ ದಿನವೆಲ್ಲ ಖುಷಿಯಲ್ಲಿದ್ದರು.

ಮತ್ತೊಬ್ಬ ಮಹಾಲಿಂಗಪುರದ ತರುಣ. ಮದುವೆಯಾಗಿ ವರ್ಷವಾಗಿರಲಿಲ್ಲ. ಹೆಂಡತಿಯ ಲ್ಯಾಪ್‌ಟಾಪ್ ಮಂಚದ ಮೇಲಿಂದ ಬಿತ್ತು ಎಂದ. ಮಂಚ ಎಷ್ಟು ಎತ್ತರವಿದೆ ಎಂದು ಅವರು ಕೇಳಿದರು. ಅವನು ಮೊಣಕಾಲಿನ ಹತ್ತಿರ ಕೈ ತೋರಿಸಿದ. ಅವರು ಮುರಿದ ಮೂಲೆಯ ಮೇಲೆ ಬೆರಳಾಡಿಸಿ, “ಈ ಪೆಟ್ಟು ಮಂಚದ್ದಲ್ಲ ತಮ್ಮಾ, ಕೈಯಿಂದು,” ಅಂದರು. ಆ ತರುಣ ತಲೆ ತಗ್ಗಿಸಿದ. ‘ಸಿಟ್ಟು’ ಎಂದು ಬರೆದುಕೊಂಡವರು ಅವನನ್ನು ಬಿಡಲಿಲ್ಲ. ಮಧ್ಯಾಹ್ನವಿಡೀ ಎದುರಿಗೆ ಕೂರಿಸಿಕೊಂಡು, ಬಿಚ್ಚಿದ ಸ್ಕ್ರೂಗಳನ್ನೆಲ್ಲ ಅವನ ಅಂಗೈಯಲ್ಲಿ ಹಿಡಿಸಿದರು. ಕೈ ಅಲುಗಿದರೆ ಒಂದೂ ಸಿಗುವುದಿಲ್ಲ ನೋಡು ಎಂದು ಎಚ್ಚರಿಸಿದರು. ಎರಡು ತಾಸು ಆ ಕೈ ಅಲುಗಲಿಲ್ಲ.

ನಾಲ್ಕು ದಿನದ ಮೇಲೆ ಒಯ್ಯಲು ಬಂದದ್ದು ಅವನ ಹೆಂಡತಿ. ರಿಪೇರಿಯವರು ಮೊದಲೇ ಚೀಟಿ ಕತ್ತರಿಸಿ ಚಹಾದಂಗಡಿಯ ಒಲೆಗೆ ಹಾಕಿ ಬಂದಿದ್ದರು. ಪರದೆ ತೆರೆದು ಮುಚ್ಚುವ ಹಿಂಜು ಹಳೆಯದಾಗಿತ್ತು ತಂಗಿ, ಬದಲಿಸಿದ್ದೇನೆ ಎಂದಷ್ಟೇ ಹೇಳಿ ಕಳಿಸಿದರು. ಆ ದಿನ ನಾನು ಅಲ್ಲೇ ಇದ್ದೆ. ಖರೆ ಹೇಳಿಸಿಕೊಂಡು ಮತ್ತೆ ನೀವೇ ಮುಚ್ಚಿಡುವುದು ಯಾವ ನ್ಯಾಯ ಎಂದು ಕೇಳಿದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ನನಗ ಹೇಳೂದು ರಿಪೇರಿ ಸಲುವಾಗಿ ಬಾಯಾರ. ಮನ್ಯಾಗ ಹೇಳೂದು ಅವರವರ ಕೆಲಸ. ಅದಕ್ಕ ನನ್ನ ಕಡೆ ಸ್ಕ್ರೂಡ್ರೈವರ್ ಇಲ್ಲ.”

ನರ್ಸ್ ಆಗಿದ್ದವಳೆಂದು ಅವರು ನನ್ನನ್ನು ಕೊನೆಯವರೆಗೂ ‘ಬಾಯಾರ’ ಎಂದೇ ಕರೆದರು. ಆ ಮಾತು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ನೋಡದಿದ್ದದ್ದು ನನಗೆ ಚುಚ್ಚಿತು. ಏಕೆಂದರೆ ಅಷ್ಟು ಹೊತ್ತಿಗೆ ನನ್ನ ಚೀಟಿ ಅವರ ಹಲಗೆಯ ಮೇಲೆ ಏಳು ತಿಂಗಳಿನಿಂದ ಇತ್ತು.

ಅದನ್ನು ಈಗ ಬರೆಯಬೇಕು.

ನನಗೆ ಒಬ್ಬಳೇ ಮಗಳು. ಗಂಡನ ಮನೆಯನ್ನು ಬಿಟ್ಟು ಜಮಖಂಡಿಯ ನನ್ನ ಮನೆಗೆ ಬಂದ ಮೇಲೆ ಅವಳು ಆರು ತಿಂಗಳು ಯಾರೊಡನೆಯೂ ಮಾತಾಡಲಿಲ್ಲ. ಆಮೇಲೆ ಬನಹಟ್ಟಿಗೆ ಹೋಗಿ ಕಂಪ್ಯೂಟರಿನಲ್ಲಿ ಸೀರೆಯ ಅಂಚು, ಸೆರಗುಗಳ ಡಿಸೈನ್ ಮಾಡುವುದನ್ನು ಕಲಿತಳು. ನನ್ನ ತಾಯಿಯ ಹಳೆಯ ಸೀರೆಗಳನ್ನು ಬಿಸಿಲಿಗೆ ಹಿಡಿದು, ಒಂದೊಂದೇ ಎಳೆ ಎಣಿಸಿ, ಅಂಚುಗಳನ್ನು ಲ್ಯಾಪ್‌ಟಾಪಿನ ಪರದೆಯ ಮೇಲೆ ಚೌಕ ಚೌಕವಾಗಿ ತುಂಬುತ್ತಿದ್ದಳು. ಎರಡು ವರ್ಷ ಹಾಗೆ ಕೂತಳು. ಅವಳ ಮುಖದ ಮೇಲೆ ಮತ್ತೆ ಬಣ್ಣ ಬಂದದ್ದು ಆ ಚೌಕಗಳಿಂದ. ಅವನ್ನು ನೋಡಿ ನೇಕಾರರ ಸೊಸೈಟಿಯೊಂದು ಕರೆಯಿತು. ಬರುವ ಸೋಮವಾರ ಎಲ್ಲ ಡಿಸೈನ್ ತಂದು ತೋರಿಸಬೇಕು, ಒಪ್ಪಿಗೆಯಾದರೆ ಕಾಯಂ ಕೆಲಸ.

ಅದರ ಹಿಂದಿನ ವಾರ ಅವಳು ಎರಡು ದಿನ ಬೀಳಗಿಗೆ ಒಂದು ಮದುವೆಗೆ ಹೋದಳು. ಸಂಜೆ ನಾಲ್ಕಕ್ಕೆ ನಾನು ಚಹಾ ಕುಡಿಯುತ್ತೇನೆ. ಕಿಟಕಿಯ ಹತ್ತಿರದ ಮೇಜಿನ ಬಲ ಮೂಲೆ ನನ್ನ ಕಪ್ಪಿನ ಜಾಗ. ಆ ದಿನ ಅವಳ ಲ್ಯಾಪ್‌ಟಾಪ್ ಆ ಮೂಲೆಗೆ ನಾಲ್ಕು ಬೆರಳು ಬಂದಿತ್ತು, ಸೊಟ್ಟಗೂ ಇತ್ತು. ಕಪ್ಪನ್ನು ಕೈಯಲ್ಲಿ ಹಿಡಿದೇ ನಾನು ಅದನ್ನು ನೆಟ್ಟಗೆ ಮಾಡಲು ಹೋದೆ. ಕಪ್ಪು ಪೂರ್ತಿ ಮಗುಚಿತು.

ಮೂವತ್ತನಾಲ್ಕು ವರ್ಷದಲ್ಲಿ ನನ್ನ ಕೈಯಿಂದ ಒಂದು ಸೂಜಿ ಬಿದ್ದದ್ದಿಲ್ಲ. ಒರೆಸಿದೆ, ತಲೆಕೆಳಗು ಮಾಡಿ ಹಿಡಿದೆ. ನೆನೆದ ಮೊಬೈಲನ್ನು ಅಕ್ಕಿಯಲ್ಲಿ ಇಡುತ್ತಾರೆಂದು ಕೇಳಿದ್ದೆ. ನಮ್ಮ ಮನೆಯಲ್ಲಿ ಅಕ್ಕಿ ಇರುವುದು ಒಂದು ಡಬ್ಬಿ, ಜೋಳ ಇರುವುದು ಒಂದು ಪೀಪಾಯಿ. ಲ್ಯಾಪ್‌ಟಾಪನ್ನು ಜೋಳದ ಪೀಪಾಯಿಯಲ್ಲಿ ಹೂತು, ಮುಚ್ಚಳ ಹಾಕಿದೆ. ಹುಳ ಬೀಳದಿರಲೆಂದು ಆ ಜೋಳಕ್ಕೆ ಪ್ರತಿ ವರ್ಷದಂತೆ ನಾನೇ ನನ್ನ ಕೈಯಾರೆ ಬೂದಿ ಕಲಸಿದ್ದೆ. ಅದು ಆ ಹೊತ್ತಿಗೆ ನೆನಪಿಗೆ ಬರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ತೆಗೆದು, ಬಟ್ಟೆಯಿಂದ ಬೂದಿ ಝಾಡಿಸಿ, ಮೇಜಿನ ಮೇಲೆ ಇದ್ದ ಜಾಗದಲ್ಲೇ ಇಟ್ಟೆ. ಮಗಳು ಚಾರ್ಜರ್ ಹಚ್ಚೇ ಹೋಗಿದ್ದಳು, ಹಾಗಾಗಿ ನಾನೂ ಚಾರ್ಜರ್ ಹಚ್ಚಿ ಬಟನ್ ಒತ್ತಿದೆ. ಚಿಟ್ ಎಂದು ಒಂದು ಸದ್ದು, ಆಮೇಲೆ ಸುಟ್ಟ ವಾಸನೆ. ಹನ್ನೊಂದಕ್ಕೆ ಮಗಳು ಬಂದಳು. ಬಟನ್ ಒತ್ತಿ ನೋಡಿದಳು, ಮೂಸಿ ನೋಡಿದಳು, ಚಾರ್ಜರಿನ ಕಡೆ ನೋಡಿದಳು. “ಯವ್ವಾ, ಚಾರ್ಜರ್ ಹಂಗಽ ಬಿಟ್ಟು ಹೋಗೇನಿ ನಾ,” ಅಂದು ನೆಲದ ಮೇಲೆ ಕೂತುಬಿಟ್ಟಳು.

ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸುಗಳಿಗೆ ನಾನು ಮೊದಲ ದಿನ ಹೇಳುತ್ತಿದ್ದ ಮಾತು ಒಂದಿತ್ತು. ತಪ್ಪು ಔಷಧ ಕೊಟ್ಟರೆ ಮೊದಲು ನನಗೆ ಹೇಳಬೇಕು, ಆಮೇಲೆ ಅಳಬೇಕು. ಆ ಹನ್ನೊಂದು ಗಂಟೆಗೆ ನನ್ನ ಬಾಯಿಂದ ಒಂದು ಶಬ್ದ ಹೊರಡಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ.

ಮರುದಿನ ಇಬ್ಬರೂ ಬನಹಟ್ಟಿಗೆ ಹೋದೆವು. ಅವರು ಮಗಳನ್ನು ಕೇಳಿದರು: ಚಹಾನೋ, ನೀರೋ, ಸಿಟ್ಟೋ? ಅವಳು ಮೂರೂ ಅಲ್ಲ, ಚಾರ್ಜರ್ ಬಿಟ್ಟು ಹೋಗಿದ್ದು ನನ್ನ ತಪ್ಪು ಎಂದಳು. ಮೊದಲ ವರ್ಷದ ಕೆಲವು ಡಿಸೈನ್ ಪೆನ್ ಡ್ರೈವಿನಲ್ಲಿವೆ, ಉಳಿದವೆಲ್ಲ ಇದರೊಳಗೇ ಇವೆ, ಸೋಮವಾರದೊಳಗೆ ಬೇಕು ಎಂದಳು. ಅವರು ಅವಳನ್ನು ನಂಬಿದರು. ಅದೊಂದೇ ಸಲ ನಾನು ನೋಡಿದ್ದು, ಮೊದಲ ಉತ್ತರವನ್ನೇ ಅವರು ನಂಬಿದ್ದನ್ನು. ಯಂತ್ರವನ್ನು ಮಗುಚಿ ಮೆಲ್ಲಗೆ ತಟ್ಟಿದರು. ಗಾಳಿ ಹೋಗುವ ಕಿಂಡಿಯಿಂದ ಒಂದು ಜೋಳದ ಕಾಳು ಮೇಜಿನ ಮೇಲೆ ಬಿತ್ತು.

ಮಗಳು ಚೀಲದಲ್ಲಿ ಏನೋ ಹುಡುಕುತ್ತಿದ್ದಳು, ಕಾಣಲಿಲ್ಲ. ಅವರು ಆ ಕಾಳಿನ ಮೇಲೆ ಅಂಗೈ ಇಟ್ಟು ಮುಚ್ಚಿದರು. ಪಕ್ಕದಲ್ಲಿ ಮೂರು ಚಹಾ ಹೇಳಿ ಬಾ ತಂಗಿ ಎಂದು ಅವಳನ್ನು ಕಳಿಸಿದರು. ಅವಳು ಹೊಸ್ತಿಲು ದಾಟಿದ ಮೇಲೆ ನನ್ನ ಕಡೆ ತಿರುಗಿದರು.

“ಈಗ ನೀವ್ ಹೇಳ್ರಿ.”

ಹೇಳಿದೆ. ವಾರ್ಡಿನ ವರದಿ ಒಪ್ಪಿಸುವಂತೆ ಹೊತ್ತು ಸಹಿತ ಹೇಳಿದೆ. ಅವರು ಬೈಯಲಿಲ್ಲ. ಕನ್ನಡಕದ ಮೇಲಿಂದ ಒಮ್ಮೆ ನೋಡಿ, “ಚಹಾ ಕೊಲ್ಲತಿದ್ದಿಲ್ರಿ, ಒರಸಿ ತಂದಿದ್ರ ಒಂದ ತಾಸಿನ ಕೆಲಸ. ಹಸಿ ಇದ್ದಾಗ ಬೂದಿ ಕೂತೈತಿ, ಅದರ ಮ್ಯಾಲ ಕರೆಂಟ್ ಕೊಟ್ಟೀರಿ,” ಅಂದರು. ಚೀಟಿ ಬರೆದರು. ಕಾಳನ್ನು ಅದರ ಮೇಲಿಟ್ಟು ಪಾರದರ್ಶಕ ಟೇಪ್ ಅಂಟಿಸಿದರು. ಗಂಟು ಹಾಕಿದರು.

ಆಗ ಕಂಡಿತು ನನಗೆ. ಗಂಟು ಒಂದೇ ಸಲಕ್ಕೆ ಬೀಳಲಿಲ್ಲ. ಅವರ ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ಏನನ್ನೋ ಹೊಸೆಯುವಂತೆ ತಾನೇ ಆಡುತ್ತಿತ್ತು. ಕೈ ಸುಮ್ಮನೆ ಮೇಜಿನ ಮೇಲಿದ್ದಾಗಲೂ ಆಡುತ್ತಿತ್ತು. ಆ ನಡುಕವನ್ನು ನಾನು ಎಷ್ಟೋ ರೋಗಿಗಳಲ್ಲಿ ನೋಡಿದ್ದೇನೆ. ಅದರ ಹೆಸರು ಗೊತ್ತು, ಅದು ಮುಂದೆ ಹೇಗೆ ಹೋಗುತ್ತದೆಂಬುದೂ ಗೊತ್ತು. ಆ ಕೈಯಿಂದ ಸಾಸಿವೆಗಿಂತ ಸಣ್ಣ ಬಿಡಿಭಾಗಗಳನ್ನು ಬೆಸೆಯಬಾರದು ಎಂದು ಆ ಅಂಗಡಿಯಲ್ಲಿ ತಿಳಿದಿದ್ದವಳು ನಾನೊಬ್ಬಳೇ. ಬೆಳಗಾವಿಗೆ ಕಳಿಸಿ ಎನ್ನಬಹುದಿತ್ತು. ಬೆಳಗಾವಿಗೆ ಕಳಿಸಿದರೆ ಸೋಮವಾರಕ್ಕೆ ಬರುವುದಿಲ್ಲ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಸುಮ್ಮನಿದ್ದೆ. ಮಗಳು ಚಹಾ ಹೇಳಿ ಬಂದಳು. ಮೂವರೂ ಕುಡಿದೆವು.

ಶನಿವಾರ ಅವರೇ ಫೋನ್ ಮಾಡಿದರು. “ಹೋತ್ರಿ ಬಾಯಾರ. ಒಳಗಿಂದು ಏನೂ ಬರ್ಲಿಲ್ಲ.” ಇಷ್ಟು ಹೇಳಿ ಸ್ವಲ್ಪ ಹೊತ್ತು ಫೋನ್ ಇಡಲಿಲ್ಲ.

ಸೋಮವಾರ ಮಗಳು ಪೆನ್ ಡ್ರೈವಿನಲ್ಲಿದ್ದ ಮೊದಲ ವರ್ಷದ ಡಿಸೈನ್‌ಗಳನ್ನು ಒಯ್ದು ತೋರಿಸಿದಳು. ಅವು ಕಲಿಯುವಾಗ ಮಾಡಿದವು. ಸೊಸೈಟಿಯವರು ಬೇರೆಯವರನ್ನು ತೆಗೆದುಕೊಂಡರು. ಅವಳು ಮತ್ತೆ ಆ ಕೆಲಸ ಮುಟ್ಟಲಿಲ್ಲ. ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೂತು ಮಂದಿಯ ಅರ್ಜಿ ತುಂಬಿಕೊಡುವ ಕೆಲಸ ಹಿಡಿದಳು. ಯಾರಾದರೂ ಡಿಸೈನಿನ ಮಾತೆತ್ತಿದರೆ, ಒಂದು ಚಾರ್ಜರ್ ತೆಗೆಯುವ ಖಬರ್ ಇಲ್ಲದವಳು ನಾನು, ನನಗೇಕೆ ಆ ಕೆಲಸ ಎನ್ನುತ್ತಿದ್ದಳು. ಗಂಡನ ಮನೆಯಲ್ಲಿ ಅವಳಿಗೆ ದಿನವೂ ಹೇಳುತ್ತಿದ್ದದ್ದು ಅದನ್ನೇ: ನಿನಗೆ ಖಬರಿಲ್ಲ. ಆ ಮಾತನ್ನು ಅವಳು ನಂಬಬಾರದೆಂದು ನಾನು ಎರಡು ವರ್ಷ ಹೆಣಗಿದ್ದೆ. ನನ್ನ ಒಂದು ಕಪ್ ಚಹಾ ಅವಳನ್ನು ಮತ್ತೆ ಅಲ್ಲಿಗೇ ತಂದು ನಿಲ್ಲಿಸಿತು. ಪ್ರತಿದಿನ ಬೆಳಿಗ್ಗೆ ಐದಕ್ಕೆ ಎದ್ದಾಗ ಇಂದು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಒಂಬತ್ತಕ್ಕೆ ಅವಳು ಡಬ್ಬಿ ಹಿಡಿದು ಹೊರಡುತ್ತಿದ್ದಳು. ದಿನ ತಡವಾದಷ್ಟೂ ಮಾತು ಭಾರವಾಯಿತು. ಚಹಾ ಚೆಲ್ಲಿದ್ದನ್ನು ಹೇಳುವುದು ಸುಲಭ. ಇಷ್ಟು ದಿನ ಹೇಳಲಿಲ್ಲ ಎಂಬುದನ್ನು ಹೇಳುವುದು ಹೇಗೆ?

ಯಂತ್ರ ಅವರ ಬಳಿಯೇ ಉಳಿಯಿತು. ಮಗಳಿಗೆ ಅದರ ಮುಖ ನೋಡುವುದು ಬೇಡವಾಗಿತ್ತು. ಇರಲಿ ಬಿಡಿ, ನೋಡುತ್ತಿರುತ್ತೇನೆ ಎಂದು ಅವರೇ ಇಟ್ಟುಕೊಂಡರು. ನಾನು ಪ್ರತಿ ಗುರುವಾರ ಹನ್ನೊಂದರ ಬಸ್ಸಿಗೆ ಬನಹಟ್ಟಿಗೆ ಹೋಗತೊಡಗಿದೆ. ಕೇಳಲು ಹೊಸದೇನೂ ಇರಲಿಲ್ಲ. ಅಲ್ಲಿ ನನ್ನ ತಪ್ಪು ಗೊತ್ತಿದ್ದ ಒಬ್ಬ ಮನುಷ್ಯನಿದ್ದ, ಅಲ್ಲಿ ಕೂತರೆ ಉಸಿರಾಡಬಹುದಿತ್ತು, ಅದಕ್ಕೆ ಹೋಗುತ್ತಿದ್ದೆ. ಸುಮ್ಮನೆ ಕೂರಲಾಗದೆ ಅವರ ಅಂಗಡಿಗೆ ಶಿಸ್ತು ತಂದೆ. ಸ್ಕ್ರೂಗಳಿಗೆ ಇಂಜೆಕ್ಷನ್ ಇಡುವಂಥ ಸ್ಟೀಲ್ ತಟ್ಟೆ ತಂದುಕೊಟ್ಟೆ. ಡಬ್ಬಿಗಳ ಮೇಲೆ ಹೆಸರು ಬರೆದೆ. ಅವರು ಅದನ್ನು ವಾರ್ಡ್ ಎಂದು ಕರೆದು ತಮಾಷೆ ಮಾಡುತ್ತಿದ್ದರು. ಬಂದವರಿಗೆ, ಸ್ವಲ್ಪ ತಡೆಯಿರಿ, ಬಾಯಾರು ರೌಂಡಿಗೆ ಬಂದಿದ್ದಾರೆ ಎನ್ನುತ್ತಿದ್ದರು.

ನಾಲ್ಕಾರು ಗುರುವಾರಗಳಾದ ಮೇಲೆ ನಾನೇ ಅವರಿಗೆ ಕೈಯನ್ನು ಡಾಕ್ಟರಿಗೆ ತೋರಿಸಿ ಎಂದೆ. ಅವರು ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು, ಗೊತ್ತಿದೆ ಎಂದಷ್ಟೇ ಹೇಳಿದರು. ಅಷ್ಟರಲ್ಲಾಗಲೇ ಸಣ್ಣ ಬೆಸುಗೆಯ ಕೆಲಸವನ್ನೆಲ್ಲ ಅವರು ಬೆಳಗಾವಿಗೆ ಕಳಿಸತೊಡಗಿದ್ದರು. ಪ್ರತಿ ಸಲವೂ ಹೊರಡುವಾಗ ನಾನು ನಮ್ಮ ಯಂತ್ರದ ಬಗ್ಗೆ ಕೇಳುತ್ತಿದ್ದೆ. ನೋಡುತ್ತಿದ್ದೇನೆ ಎನ್ನುವಾಗ ಅವರು ತಲೆಯೆತ್ತುತ್ತಿರಲಿಲ್ಲ. ನನಗೆ ಸಂಕೋಚವಾಗದಿರಲೆಂದು ಹಾಗೆ ಮಾಡುತ್ತಾರೆ ಎಂದು ನಾನು ಒಂದೂವರೆ ವರ್ಷ ತಿಳಿದುಕೊಂಡಿದ್ದೆ.

ಈಗ ಅಂಗಡಿ ತೆರವು ಮಾಡಿದ ಸೋಮವಾರಕ್ಕೆ ಮರಳುತ್ತೇನೆ. ಮಧ್ಯಾಹ್ನ ಮೂರರೊಳಗೆ ಹನ್ನೊಂದು ಯಂತ್ರಗಳು ಹೋದವು. ಚೀಟಿಗಳನ್ನು ಓದಬಾರದು ಎಂದು ಮೊದಲೇ ನಿರ್ಧರಿಸಿದ್ದೆ. ಬರೆದ ಬದಿಯನ್ನು ಒಳಗೆ ಮಡಚಿ, ನೂಲು ಕತ್ತರಿಸಿ, ಸ್ಟೀಲ್ ತಟ್ಟೆಗೆ ಹಾಕುತ್ತಿದ್ದೆ. ಬೀಳಗಿಯ ಒಬ್ಬ ಶಾಲಾ ಶಿಕ್ಷಕಿ ಗಂಡನ ಜೊತೆ ಬಂದರು. ಗಂಡ ಹೊರಗೆ ಮೋಟರ್‌ಸೈಕಲ್ ಮೇಲೆ ಕೂತಿದ್ದ. ಆಕೆ ಯಂತ್ರ ಹಿಡಿದುಕೊಂಡು, ಬಾಗಿಲ ಕಡೆ ಒಮ್ಮೆ ನೋಡಿ, ತೀರಾ ಸಣ್ಣ ದನಿಯಲ್ಲಿ ಕೇಳಿದರು, “ಚೀಟಿ ಹರದ್ರೇನ್ರಿ?” ಹರಿದಿದ್ದೇನೆ ಎಂದೆ. ಆಕೆಯ ಭುಜಗಳು ಇಳಿದವು. ರಿಪೇರಿಯವರ ಹೆಂಡತಿ ಅದನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಗಂಡ ಸತ್ತ ಹದಿನಾರು ದಿನದಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಆಗ.

ಇನ್ನೆರಡು ರಬಕವಿಯವು. ಚಹಾದಂಗಡಿಯವನು ತನ್ನ ಸೈಕಲ್ ಮೇಲೆ ಒಯ್ದು ಮುಟ್ಟಿಸಿ ಬಂದ. ಹದಿಮೂರೂ ಚೀಟಿಗಳನ್ನು ಅವನ ಒಲೆಗೆ ಹಾಕಿದೆ.

ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಕೆಳಗಿನ ಹಲಗೆಯ ಹಿಂಬದಿಯಿಂದ ನಮ್ಮದನ್ನು ತೆಗೆದೆ. ಅದನ್ನು ಅವರು ಕೈಮಗ್ಗದ ಒಂದು ತುಂಡು ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಚೀಟಿಯ ಮೇಲೆ ಟೇಪಿನ ಕೆಳಗೆ ಆ ಕಾಳು ಹಾಗೇ ಇತ್ತು. ಅದರ ಕೆಳಗೆ ಪೆನ್ಸಿಲಿನಲ್ಲಿ ಮೂರು ಶಬ್ದ: ‘ಚಹಾ. ಬೂದಿ. ತಾಯಿ.’ ಅಷ್ಟು ನನಗೆ ಗೊತ್ತಿತ್ತು. ಅದರ ಕೆಳಗೆ ಎರಡು ಬೆರಳಷ್ಟು ಜಾಗ ಖಾಲಿ ಬಿಟ್ಟು, ಬೇರೆ ದಿನ, ಪೆನ್ನಿನಲ್ಲಿ, ಸೊಟ್ಟಪಟ್ಟ ಅಕ್ಷರಗಳಲ್ಲಿ ಬರೆದಿತ್ತು: ‘ಒಳಗಿನ ಡಿಸೈನ್ ಜೀವಂತ ಇದ್ದವು. ತೆಗೆಯುವಾಗ ನನ್ನ ಕೈ ಜಾರಿತು. ಹೇಳಲಿಲ್ಲ.’

ಓದಿ ಸ್ಟೂಲಿನ ಮೇಲೆ ಕೂತೆ. ಪ್ರತಿ ಗುರುವಾರ ನಾವಿಬ್ಬರೂ ಎದುರುಬದುರು ಕೂತು ಚಹಾ ಕುಡಿದಿದ್ದೆವು. ನಾನು ಮಗಳಿಗೆ ಹೇಳದವಳು, ಅವರು ನನಗೆ ಹೇಳದವರು. ಜಾರಿದ ಆ ಕೈ ನಡುಗುತ್ತದೆಂದು ತಿಳಿದೂ ಯಂತ್ರವನ್ನು ಅದರಲ್ಲಿ ಇಟ್ಟವಳು ನಾನು.

ಅವರ ಹೆಂಡತಿ ಕತ್ತರಿಯನ್ನು ಮುಂದೆ ಚಾಚಿದರು. ಕನ್ನಡಕ ತಂದಿರಲಿಲ್ಲ, ಅವರಿಗೆ ಅಕ್ಷರ ಕಾಣುವಂತಿರಲಿಲ್ಲ. “ಇದನ್ನೂ ಹರೀರಿ ಅಕ್ಕಾರ. ಇದೊಂದ್ ಉಳೀತು.”

ಕತ್ತರಿ ಹಿಡಿದು ಕೂತ ಆ ಐದು ನಿಮಿಷವನ್ನು ನಾನು ಮುಚ್ಚಿಡುವುದಿಲ್ಲ. ಎರಡು ಬರಹಗಳ ನಡುವೆ ಖಾಲಿ ಜಾಗವಿತ್ತು. ಅಲ್ಲಿ ಅಡ್ಡ ಕತ್ತರಿಸಿದರೆ ಮೇಲಿನದು ಒಲೆಗೆ ಹೋಗುತ್ತದೆ, ಕೆಳಗಿನದು ಉಳಿಯುತ್ತದೆ. ರಿಪೇರಿಯವರ ಕೈ ಜಾರಿತಂತೆ, ನೋಡು, ಅವರೇ ಬರೆದಿಟ್ಟಿದ್ದಾರೆ, ನಿನ್ನ ಚಾರ್ಜರಿನದು ಏನೂ ತಪ್ಪಿಲ್ಲ. ಮಗಳ ಭಾರ ಇಳಿಯುತ್ತದೆ, ನನ್ನದೂ ಇಳಿಯುತ್ತದೆ. ಸತ್ತವರು ಬಂದು ಇಲ್ಲವೆನ್ನುವುದಿಲ್ಲ. ಕತ್ತರಿಯ ಬಾಯಿಯನ್ನು ಕಾಗದದ ಅಂಚಿಗೆ ಇಟ್ಟೂ ಇಟ್ಟೆ.

ಆಗ ಕಣ್ಣಿಗೆ ಬಿದ್ದದ್ದು ನೂಲಿನ ಗಂಟು. ಅದು ಅವರ ಮೊದಲಿನ ಗಂಟಾಗಿರಲಿಲ್ಲ. ಬಿಚ್ಚಿ, ಕೆಳಗಿನದನ್ನು ಬರೆದು, ಮತ್ತೆ ಕಟ್ಟಿದ್ದರು. ಒಂದರ ಮೇಲೆ ಒಂದು ನಾಲ್ಕು ಗಂಟು. ಒಂದೂ ಸರಿಯಾಗಿ ಬಿದ್ದಿರಲಿಲ್ಲ. ಕಟ್ಟಲು ಅವರಿಗೆ ಎಷ್ಟು ಹೊತ್ತು ಹಿಡಿದಿರಬೇಕೆಂದು ನೋಡಿದರೆ ತಿಳಿಯುತ್ತಿತ್ತು. ಹೇಳಲಾಗದಿದ್ದರೂ ಆ ಮನುಷ್ಯ ಬರೆದು ಕಟ್ಟಿಟ್ಟು ಹೋಗಿದ್ದರು.

ಕತ್ತರಿಯನ್ನು ಹೆಂಡತಿಗೆ ಮರಳಿಸಿ, ಇದನ್ನು ಚೀಟಿ ಸಹಿತ ಒಯ್ಯುತ್ತೇನೆ ಎಂದೆ. ಐದಕ್ಕೆ ಮಾಲೀಕರಿಗೆ ಕೀಲಿ ಕೊಟ್ಟೆವು. ಆ ಸ್ಟೀಲ್ ತಟ್ಟೆಯನ್ನು ಅವರ ಹೆಂಡತಿ ಕಸೆ ಹಾಕಿದ ಚೀಲದಲ್ಲಿ ಇಟ್ಟುಕೊಂಡು ಮನೆಯ ದಾರಿ ಹಿಡಿದರು.

ಬಸ್ಸಿನಲ್ಲಿ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಆರೂವರೆಗೆ ಮನೆ ಮುಟ್ಟಿದೆ. ಕಿಟಕಿಯ ಹತ್ತಿರದ ಮೇಜನ್ನು ಒರೆಸಿ, ಅದರ ಬಲ ಮೂಲೆಯಲ್ಲಿ ಅದನ್ನು ಇಟ್ಟೆ. ಏಳು ಗಂಟೆಗೆ ಮಗಳು ಬಂದಳು. ಚಪ್ಪಲಿ ಬಿಡುತ್ತಲೇ ಅದನ್ನು ನೋಡಿ ಮುಖ ತಿರುಗಿಸಿಕೊಂಡಳು. ಇದನ್ನೇಕೆ ತಂದೆ, ಗುಜರಿಗೆ ಹಾಕಬಾರದಿತ್ತೇ ಎಂದಳು. ಚೀಟಿ ಓದು ಎಂದೆ.

ಅವಳು ನಿಂತೇ ಓದಿದಳು. ಟೇಪಿನ ಕೆಳಗಿದ್ದ ಕಾಳಿನ ಮೇಲೆ ಹೆಬ್ಬೆರಳಿಟ್ಟು ಮತ್ತೊಮ್ಮೆ ಓದಿದಳು. ನಾನು ಕೈ ಕಟ್ಟಿಕೊಂಡು ಎದುರಿಗೆ ನಿಂತು, ನಾಲ್ಕು ಗಂಟೆಯ ಚಹಾದಿಂದ ಹಿಡಿದು ಅವರ ಬೆರಳಿನ ನಡುಕದ ತನಕ ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಅಳಲಿಲ್ಲ. ಮೊದಲು ಹೇಳಬೇಕು.

“ಚಾರ್ಜರ್ ಹಚ್ಚಿದಾಕಿ ನೀನಽ?”

“ಹೌದು.”

“ನಾ ಅಲ್ಲ.”

“ನೀ ಅಲ್ಲ.”

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಆ ನೋಟ ಅವಳ ಗಂಡನ ಕಡೆಗೆ ಇದ್ದದ್ದನ್ನು ನಾನು ನೋಡಿದ್ದೆ, ನನ್ನ ಕಡೆಗೆ ಇದ್ದದ್ದನ್ನು ನೋಡಿರಲಿಲ್ಲ. “ಒಂದೂವರಿ ವರ್ಷ ಬೇ,” ಅಂದಳು. ಯಂತ್ರವನ್ನು ಚೀಟಿ ಸಹಿತ ಎದೆಗವಚಿಕೊಂಡು ತನ್ನ ಕೋಣೆಗೆ ಹೋಗಿ ಅಗಳಿ ಹಾಕಿಕೊಂಡಳು. ನಾನು ಮಾಡಿಟ್ಟ ರೊಟ್ಟಿ ತಟ್ಟೆಯಲ್ಲೇ ಉಳಿಯಿತು.

ಹೆಸರುಗಳ ಪಟ್ಟಿ ತೆಗೆದು ಕೂತೆ. ಹದಿನಾಲ್ಕನೆಯದರ ಮುಂದೆ ಗುರುತು ಹಾಕಿದೆ: ವಾರಸುದಾರರಿಗೆ ಮುಟ್ಟಿತು, ಚೀಟಿ ಸಹಿತ. ಏಳು ಗಂಟೆ ನಲವತ್ತು ನಿಮಿಷ.